ಕಾವಲು ಶಾಕಿರಾಳದು, ಹೆಸರು ತುಷಾರನದು

ಬೆಳಗಿನ ಆರಕ್ಕೆ ಶಿರಸಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದೇ ಒಂದು ಷಟರ್ ಮೇಲೇಳುತ್ತದೆ. ಸೈಬರ್ ಕೆಫೆಯ ಶಾಕಿರಾ ಪೊರಕೆ ಹಿಡಿಯುವ ಮೊದಲು ಮೋಡೆಮ್ ಹಚ್ಚುತ್ತಾಳೆ. ಅದು ಕಿರುಚಿ, ಗೊರಗುಟ್ಟಿ ಸುಮ್ಮನಾದರೆ ಲೈನು ಸಿಕ್ಕಿತೆಂದು ಅರ್ಥ. ಪೇಟೆ ಎದ್ದ ಮೇಲೆ ಲೈನಿಗೆ ನಂಬಿಕೆಯಿಲ್ಲ. ಅವಳ ಅಸಲಿ ಕೆಲಸ ಅದಕ್ಕೂ ಮೊದಲೇ ಮುಗಿಯಬೇಕು.

ಆ ಕೆಲಸ ಕಾವಲಿನದು. ದುಬೈ, ಮುಂಬೈ ಸೇರಿದ ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಕೂಡಿ ಹರಟುವ ಚಾಟ್ ರೂಮೊಂದಿದೆ. ಅಲ್ಲಿ ಯಾರಾದರೂ ಬೈಗುಳ ಟೈಪಿಸಿದರೆ ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮು, ಅವರನ್ನು ಆ ಕ್ಷಣವೇ ಹೊರದಬ್ಬುತ್ತದೆ. ಅದು ಓಡುವುದು ಶಾಕಿರಾಳ ಕೆಫೆಯ ಮೂಲೆಯ ಕಂಪ್ಯೂಟರಿನಲ್ಲಿ, ತಿದ್ದುವವಳೂ ಅವಳೇ. ಹೆಸರು ಮಾತ್ರ ‘ತುಷಾರನ ಕಾವಲು’. ಯಲ್ಲಾಪುರದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ತುಷಾರ ಭಟ್ ಆ ರೂಮು ತೆರೆದವನು, ಮೊದಲ ಸ್ಕ್ರಿಪ್ಟನ್ನು ಎಲ್ಲಿಂದಲೋ ಇಳಿಸಿ ತಂದವನು. ಹೊಗಳಿಕೆಯೆಲ್ಲ ಅವನಿಗೇ.

“ಹೊಟ್ಟೆಕಿಚ್ಚೇ ಹೌದು, ಎಂತಕ್ಕೆ ಸುಳ್ಳು ಹೇಳೂದು?” ಎನ್ನುತ್ತಾಳೆ ಶಾಕಿರಾ. “ಅವ್ರ ಫೋಟೋ ಪೇಪರಲ್ಲಿ ಬಂತು. ನಾನು ಅದೇ ಪೇಪರಲ್ಲಿ ಕೀಬೋರ್ಡ್ ಒರೆಸಿದೆ.”

ಅವಳ ಅಪ್ಪ ಅರಬೈಲ್ ಘಟ್ಟದಲ್ಲಿ ಲಾರಿ ಓಡಿಸಿದವರು. ಅವರ ಸೊಂಟ ಬಿದ್ದಾಗ ಇವಳ ಓದು ಪಿಯುಸಿಗೇ ನಿಂತಿತು. ಟೈಪಿಂಗ್ ಕಲಿತು ಕೆಲಸಕ್ಕೆ ಸೇರಿದ ಅಂಗಡಿ ಮುಂದೆ ಕೆಫೆಯಾಯಿತು. ಅವಳು ಕೂರುವ ಕುರ್ಚಿ ಅದೇ, ಎದುರಿನ ಯಂತ್ರ ಬೇರೆ.

ತುಷಾರ ತಂದ ಸ್ಕ್ರಿಪ್ಟಿಗೆ ಪದವೆಂದರೇನೆಂದೇ ಗೊತ್ತಿರಲಿಲ್ಲ. ರೂಮಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. ‘ಕಳ್ಳ’ನನ್ನು ಹಿಡಿಯಲು ಕೂತ ಅದು, ‘ಊರಿಗೆ ಬರಬೇಕಲ್ಲ’ ಎಂದವರ ಮಾತಿನ ಬಾಲದಲ್ಲೂ ಅದೇ ‘kalla’ ಕಂಡು ಅವರನ್ನು ಕತ್ತು ಹಿಡಿದು ನೂಕುತ್ತಿತ್ತು. ‘ಬೇಕಲ್ಲ’ ಎನ್ನದೆ ಈ ಕಡೆಯವರ ಮಾತು ಮುಗಿಯುವುದುಂಟೇ? ಅರ್ಧ ರೂಮು ಖಾಲಿ.

ಶಾಕಿರಾ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ, ಪದ ಹುಡುಕುವ ಸಂಕೇತಗಳನ್ನು ಕಲಿತದ್ದು ಆಗ. ಪದದ ಆಚೆಗೊಂದು, ಈಚೆಗೊಂದು ಗಡಿಗುರುತು ಹಾಕಿದರೆ ಇಡೀ ಪದ ಮಾತ್ರ ಸಿಕ್ಕಿಬೀಳುತ್ತದೆ. ಹಾಕಿದಳು. ‘ಬೇಕಲ್ಲ’ ಪಾರಾಯಿತು, ಜೊತೆಗೆ ‘ಕಳ್ಳನ’, ‘ಕಳ್ಳನಿಗೆ’ ಎನ್ನುವ ಬಾಯಿಬಡುಕರೂ ಪಾರಾದರು. ಆಮೇಲೆ ಒಂದೊಂದು ಬೈಗುಳಕ್ಕೂ ಅದರ ಬಾಲಗಳನ್ನೆಲ್ಲ ಜೋಡಿಸಿ, ಗಡಿಯನ್ನು ಆ ಬಾಲದಾಚೆಗೆ ಇಟ್ಟಳು. ಹೊಸ ಬೈಗುಳ ಬಂದಾಗಲೆಲ್ಲ ಇದೇ ಕೆಲಸ. ಮೊದಲು ತಾನೇ ಟೈಪಿಸಿ, ತಾನೇ ಹೊರಬಿದ್ದು ನೋಡುತ್ತಾಳೆ. “ನನ್ನಷ್ಟು ಬೈದವ್ರು ಆ ರೂಮಲ್ಲಿ ಯಾರೂ ಇಲ್ಲ,” ಎಂದು ನಗುತ್ತಾಳೆ.

ಇಂಥ ಸ್ಕ್ರಿಪ್ಟುಗಳಲ್ಲಿ ರೂಮಿನ ಯಜಮಾನನಿಗೆ ವಿನಾಯಿತಿ ಕೊಡುವ ಸಾಲೊಂದಿರುತ್ತದೆ. ಶಾಕಿರಾ ಅದನ್ನು ಕಿತ್ತುಹಾಕಿದ್ದಾಳೆ. “ಯಜಮಾನ ಬೈದ್ರೆ ಅದು ಮಂತ್ರವಾ?”

ಕಳೆದ ವಾರ ಅದು ಬಯಲಿಗೆ ಬಂತು. ದುಬೈನ ಬೇಕರಿಯಲ್ಲಿ ರಾತ್ರಿಪಾಳಿ ಮುಗಿಸಿ ಕೂತಿದ್ದ ಯಲ್ಲಾಪುರದ ನೂರ್ ಅಹ್ಮದ್, ‘ಈ ಕಾವಲು ತಿದ್ದಿದ್ದು ನಮ್ಮ ಶಾಕಿರಾ’ ಎಂದು ರೂಮಿನಲ್ಲಿ ಬರೆದ. ತುಷಾರನಿಗೆ ಸಿಟ್ಟು ನೆತ್ತಿಗೇರಿತು. ನೂರ್‌ಗೆ ‘ಕಳ್ಳ’ ಎಂದು ಟೈಪಿಸಿದ. ತುಷಾರನ ಕಾವಲು ತುಷಾರನನ್ನೇ ಹೊರಗೆ ಹಾಕಿತು.

ಕೆಫೆಯ ಇನ್ನೊಂದು ಲೈನಿನ ಫೋನು ಬಡಿದುಕೊಂಡಿತು.

“ಎಂತ ಶಾಕಿರಕ್ಕ, ನನ್ನ ರೂಮಿಂದ ನನ್ನೇ ಹಾಕೂದಾ?”

“ನಾನಲ್ಲ ಭಟ್ರೇ. ನಿಮ್ಮ ಹೆಸರಿದ್ದದ್ದೇ ಹಾಕಿದ್ದು.”

ಆಚೆಯ ದನಿ ಮೆತ್ತಗಾಯಿತು. “ಹೀಂಗ್ ಮಾಡೂಣ. ಇವತ್ತಿಂದ್ಲೇ ‘ಶಾಕಿರಾ ಕಾವಲು’ ಅಂತ ಹೆಸರು ಹಾಕ್ತೇನೆ, ಎಲ್ರಿಗೂ ಹೇಳ್ತೇನೆ. ನನ್ನೊಬ್ಬನ್ನ ಮಾತ್ರ ಬಿಟ್ಬಿಡಿ.”

ಅವಳು ಎರಡು ವರ್ಷದಿಂದ ಕಾದದ್ದು ಇದಕ್ಕೇ. ಫೋನಿನ ವಯರನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಒಂದು ಸಾಲು ಸೇರಿಸಿದರೆ ಸಾಕಿತ್ತು.

“ಬ್ಯಾಡ ಭಟ್ರೇ, ನಿಮ್ಮ ಹೆಸರೇ ಇರ್ಲಿ. ತೂತಿದ್ದ ಬೇಲಿಗೆ ನನ್ನ ಹೆಸರು ಬ್ಯಾಡ.”

ಈಗಲೂ ಉರಿ ಆರಿಲ್ಲವೇ ಎಂದರೆ ಶಾಕಿರಾ ಮುಚ್ಚಿಡುವುದಿಲ್ಲ. “ಉರೀತದೆ. ಯಾಕೆ ಉರಿಬಾರ್ದು?” ಎನ್ನುತ್ತ ಸ್ಕ್ರೀನು ತಿರುಗಿಸಿ ತುಷಾರ ರೂಮಿನಲ್ಲಿ ಬರೆದ ಹೊಸ ಸಾಲುಗಳನ್ನು ತೋರಿಸುತ್ತಾಳೆ. “ಆದ್ರೆ ಭಟ್ರು ಈಗ ಎಷ್ಟು ಮರ್ಯಾದೆಲಿ ಮಾತಾಡ್ತಾರೆ ನೋಡಿ!”