ಯಾವ ಮನಿಗೆ ಬಾ ಅಂದ್ರಿ?

ಇಳಕಲ್ಲಿನಲ್ಲಿ ಹೆಣ್ಣುಮಕ್ಕಳ ಬೇಸ್‌ಬಾಲ್ ತಂಡ ಕಟ್ಟುತ್ತಾರಂತೆ ಎಂದಾಗ ನಾನು ಕೇಳಿದ ಮೊದಲ ಪ್ರಶ್ನೆ, "ಯಾಕ?" ನೆಟ್ಟಗೆ ಉತ್ತರ ಕೊಟ್ಟವರಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಸೇರಿ ನಾಲ್ಕು ತಂಡ. ಆಡಿದವರಿಗೆ ಪಗಾರ ಉಂಟು, ಆದ್ದರಿಂದ ಬ್ಯಾನರಿನ ಮೇಲೆ 'ವೃತ್ತಿಪರ' ಎಂದು ದಪ್ಪ ಅಕ್ಷರ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನನಗೆ ದಪ್ಪ ಅಕ್ಷರ ಕಂಡರೆ ಪುರಾವೆ ಕೇಳುವ ಚಟ.

"ಪುರಾವೆ ಬೇಕಂದ್ರ ಮೈದಾನಕ್ಕ ಬಾ. ಬಾಯಿ ಇಷ್ಟ ಐತಿ, ನಮ್ಮ ಪರವಾಗಿ ವಾದ ಮಾಡು" ಎಂದಳು ಅಕ್ಕ. ಅಕ್ಕ ಎಂದರೆ ನನ್ನ ದೊಡ್ಡಮ್ಮನ ಮಗಳು. ಇದೇ ಊರಿನ ನೇಕಾರರ ಮನೆಗೆ ಸೊಸೆಯಾಗಿ ಹೋದವಳು. ತಂಡದಲ್ಲಿ ಅವಳಷ್ಟು ವೇಗವಾಗಿ ಓಡುವವರಿಲ್ಲ. ನಿವೃತ್ತ ದೈಹಿಕ ಶಿಕ್ಷಕರಾದ ನಮ್ಮ ಕೋಚ್ ಸರ್‌ಗೆ ಅಂಪೈರರ ಜೊತೆ ಮಾತಾಡುವುದೆಂದರೆ ಬೇಸರ. ಹೀಗೆ ನಾನು ಆಡದೆಯೇ ತಂಡ ಸೇರಿದೆ: ಆಕ್ಷೇಪಣೆಗಳ ಖಾತೆ ನನ್ನದು.

ಮೊದಲ ದಿನವೇ ಒಂದು ಪದದ ಮೇಲೆ ಜಗಳ. ಈ ಆಟದಲ್ಲಿ ಚೆಂಡು ಹೊಡೆದವಳು ಮೂರು ಬೇಸ್ ಸುತ್ತಿ, ಹೊರಟಲ್ಲಿಗೇ ಮರಳಿದರೆ ಒಂದು ರನ್. ಬೇಸಿನಲ್ಲಿ ನಿಂತವಳಿಗೆ ಎದೆಗಾರಿಕೆ ಇದ್ದರೆ, ಮುಂದಿನವಳು ಚೆಂಡು ಹೊಡೆಯುವವರೆಗೆ ಕಾಯದೆಯೂ ಓಡಬಹುದು. ಆ ಜಾಗ 'ಹೋಮ್' ಎಂದರು ಸರ್.

"ಹೋಮ ಮಾಡೂದೇನ್ರಿ ಸರ? ತುಪ್ಪ ಯಾರು ತರೂದು?" ಎಂದು ಹಿಂದಿನಿಂದ ಒಬ್ಬಳು. ನಗೆ ನಿಲ್ಲಲೇ ಇಲ್ಲ. ಸರ್ ಸೋತು, "ಆತ್ ಬಿಡ್ರಿ, ಮನಿ ಅನ್ನೂನು" ಎಂದರು. ನಾನು ಎದ್ದು ನಿಂತೆ. ಒಂದು ಪದಕ್ಕೆ ಎರಡು ಅರ್ಥ ಇಟ್ಟುಕೊಂಡವರು ಎಂದಾದರೂ ಒಂದು ದಿನ ಸಿಕ್ಕಿಬೀಳುತ್ತಾರೆ ಎಂದೆ.

"ಲೇ ತಂಗಿ, ಮನಿಗೆ ಎರಡರ್ಥ ಎಲ್ಲಿಂದ ಬರ್ತಾವ? ಕುಂದ್ರು" ಎಂದಳು ಅಕ್ಕ.

ಬಾಗಲಕೋಟೆಯಲ್ಲಿ ಮೊದಲ ಪಂದ್ಯ ಸೋತೆವು. ವಾದಕ್ಕೆ ಎಡೆಯೇ ಇಲ್ಲದಂಥ ಸೋಲು. ಬಾದಾಮಿಯಲ್ಲಿ ಬೆಟ್ಟದಿಂದ ಇಳಿದ ಮಂಗವೊಂದು ಅವರ ಫೀಲ್ಡರ್ ಒಬ್ಬಳ ಕೈಗವಸು ಹೊತ್ತೊಯ್ಯಿತು, ಅಷ್ಟರಲ್ಲಿ ನಮ್ಮ ಹುಡುಗಿ ಎರಡು ಬೇಸ್ ದಾಟಿದಳು. ಅವರು ಆಟ ನಿಲ್ಲಿಸಿ ಕೂಗಾಡಿದರು. "ಮಂಗ್ಯಾ ಯಾವ ತಂಡದ್ದರಿ? ನಿಮ್ಮೂರಿಂದ ಬಂದದ್ದು, ನಿಮ್ಮ ಆಟಗಾರ ಅಂತ ಹಿಡಿಯೂದು ನ್ಯಾಯ" ಎಂದೆ. ಅಂಪೈರ್ ನಕ್ಕರು. ನಕ್ಕ ಅಂಪೈರ್ ಅರ್ಧ ಗೆದ್ದ ಹಾಗೆ ಎಂಬುದನ್ನು ಅಂದು ಕಲಿತೆ. ಅಲ್ಲಿಂದ ನಾವು ಗೆಲ್ಲತೊಡಗಿದೆವು; ಗೆದ್ದು ಗೆದ್ದು ಫೈನಲ್ ತಲುಪಿದೆವು. ಎದುರಿಗೆ ಹುನಗುಂದ, ಮೈದಾನ ಇಳಕಲ್ಲಿನದು.

ಫೈನಲಿನ ಹಿಂದಿನ ದಿನ ಅಕ್ಕ ಬೂಟಿನ ಮಣ್ಣು ಕೆರೆಯುತ್ತ ಹೇಳಿದಳು: "ಅತ್ತಿ ಖಡಾಖಡಿ ಹೇಳ್ಯಾರ. ಗೆದ್ದ ಬಂದ್ರ ಮುಂದಿನ ವರ್ಷದ ಮಾತು ನೋಡೂನು. ಸೋತ್ರ ಆಟ ಬಂದ್, ಮಗ್ಗದ ಮುಂದ ಕುಂದ್ರೂದು."

"ಇದು ಷರತ್ತು, ಒಪ್ಪಂದ ಅಲ್ಲ. ಇದಕ್ಕ ನೀ..."

"ನಿನ್ನ ವಾದ ಅಂಪೈರ್ ಮುಂದ ಇಟ್ಕೊ. ನಮ್ಮ ಅತ್ತಿ ಮುಂದ ಅಲ್ಲ."

ಫೈನಲಿನ ಕೊನೆಯ ಸರದಿ. ಎರಡೂ ಕಡೆ ಸಮ ರನ್. ನಮ್ಮ ಇಬ್ಬರು ಔಟಾಗಿದ್ದರು. ಮೂರನೆಯವಳು ಔಟಾದರೆ ಸರದಿ ಮುಗಿದಂತೆ. ಬ್ಯಾಟು ಹಿಡಿದವಳು ಇಡೀ ಋತುವಿನಲ್ಲಿ ಚೆಂಡಿಗಿಂತ ಹೆಚ್ಚು ಗಾಳಿಯನ್ನೇ ಹೊಡೆದವಳು. ಅಕ್ಕ ಮೂರನೇ ಬೇಸಿನಲ್ಲಿ ನಿಂತಿದ್ದಳು. ಹುನಗುಂದದ ಪಿಚರ್ ಚೆಂಡೆಸೆಯಲು ಕೈ ಎತ್ತಿದಳು. ಅದೇ ಕ್ಷಣ ಹಗ್ಗದಾಚೆಯಿಂದ ಇಡೀ ಓಣಿಗೆ ಕೇಳುವಂಥ ದನಿ:

"ಏ ಯವ್ವಾ, ಸಾಕು ನಿಂತದ್ದು! ಮನಿಗೆ ಬಾ!"

ಅಕ್ಕ ಓಡಿದಳು. ಸರ್ ಬಾಯಿ ತೆರೆದಿದ್ದರೂ ಅವರಿಂದ ಮಾತು ಹೊರಟಿರಲಿಲ್ಲ. ಪಿಚರ್ ಬೆಚ್ಚಿ ಚೆಂಡನ್ನು ಅಡ್ಡಾದಿಡ್ಡಿ ಎಸೆದಳು. ಮನೆಯ ಹಿಂದೆ ಕುಳಿತಿದ್ದ ಕ್ಯಾಚರ್ ಅದನ್ನು ಹಿಡಿದು ತಿರುಗುವಷ್ಟರಲ್ಲಿ ಅಕ್ಕ ಮಣ್ಣಿನಲ್ಲಿ ಜಾರಿ ಮನೆ ಮುಟ್ಟಿದ್ದಳು. ಮೈದಾನ ಕುಣಿಯಿತು. ನಾನು ಕುಣಿಯಲಿಲ್ಲ, ಏಕೆಂದರೆ ಹಗ್ಗದ ಬಳಿ ನಿಂತಿದ್ದವರು ಯಾರೆಂದು ಕಂಡಿತ್ತು. ಅಕ್ಕನ ಅತ್ತೆ.

ಹುನಗುಂದದ ಕೋಚ್ ಆಗಲೇ ಅಂಪೈರರ ಮುಂದಿದ್ದರು. "ಹೊರಗಿನವರು ಹೇಳಿಕೊಡಂಗಿಲ್ಲ ಅಂತ ಲೀಗಿನ ನಿಯಮ ಐತಿ. ಆ ಅಮ್ಮ ಓಡು ಅಂದ್ರು, ಈಕಿ ಓಡಿದ್ಲು. ರನ್ ರದ್ದು ಮಾಡ್ರಿ, ಈಕಿ ಔಟ್!"

"ಓಡು ಅಂದಿಲ್ಲರಿ. ಮನಿಗೆ ಬಾ ಅಂದಾರ" ಎಂದೆ.

"ನಿಮ್ಮ ತಂಡದಾಗ ಮನಿ ಅಂದ್ರ ಏನಂತ ಊರಿಗೇ ಗೊತ್ತೈತಲ್ಲ!"

ಅದು ನನ್ನದೇ ವಾದ, ಈಗ ಎದುರಾಳಿಯ ಬಾಯಲ್ಲಿ. ಆದರೂ ಬಿಡಲಿಲ್ಲ. "ಹೇಳಿಕೊಡೂದಂದ್ರ ಉದ್ದೇಶ ಬೇಕ್ರಿ. ಉದ್ದೇಶ ಕೂಗಿದವರ ಮನಸ್ಸಿನ್ಯಾಗ ಇರತೈತಿ, ಕೇಳಿದವರ ಕಿವಿಯಾಗ ಅಲ್ಲ."

"ಹಂಗಾದ್ರ ಕೂಗಿದವರನ್ನ ಕೇಳೂನು" ಎಂದು ಅಂಪೈರ್ ಹಗ್ಗದತ್ತ ನಡೆದರು.

ವಾದ ಗೆದ್ದು ತೀರ್ಪನ್ನು ಎಂಥವರ ಕೈಗೆ ಕೊಟ್ಟಿದ್ದೆ! "ಹೌದ್ರಿ, ಓಡು ಅಂತ ಅಂದೆ" ಎಂದು ಅತ್ತೆ ಒಂದು ಮಾತು ಹೇಳಿದರೆ ರನ್ ಹೋಯಿತು. ಸೋತರೆ ಅಕ್ಕನ ಆಟ ಮುಗಿಯಿತು, ಸೊಸೆ ಮಗ್ಗದ ಮುಂದೆ. ಅವರಿಗೆ ಬೇಕಾದದ್ದೂ ಅದೇ. ಅಕ್ಕ ಮೈಯ ಮಣ್ಣು ಕೊಡವದೆ ನಿಂತಿದ್ದಳು.

"ಅವ್ವಾರ, ಏನಂತ ಕೂಗಿದ್ರಿ?"

"ಮನಿಗೆ ಬಾ ಅಂದೆ."

"ಯಾವ ಮನಿಗೆ ಬಾ ಅಂದ್ರಿ?"

ಅತ್ತೆ ಸೆರಗು ಸೊಂಟಕ್ಕೆ ಸಿಗಿಸಿದರು. "ಯಾವ ಮನಿ ಅಂದ್ರ? ನಮಗೇನ ಓಣಿಗೊಂದು ಮನಿ ಅದಾವೇನ್ರಿ? ಸೀರಿ ಒಡಲಿಗೆ ಸೆರಗಿನ ಎಳಿ ಕೊಂಡಿ ಹಾಕೂದೈತಿ. ಒಬ್ಬರ ಕೈಲೆ ಆಗೂ ಕೆಲಸ ಅಲ್ಲದು. ಕರಿಯಾಕ ಬಂದೆ, ಕರದೆ. ಈಕಿ ಅತ್ತಾಗ ಯಾಕ ಓಡಿದ್ಲೋ, ಈಕಿನ್ನ ಕೇಳ್ರಿ!"

ಹುನಗುಂದದ ಹುಡುಗಿಯರೂ ನಕ್ಕುಬಿಟ್ಟರು. ಅಂಪೈರ್ ಕೈಗಳನ್ನು ಅಗಲಿಸಿದರು: ರನ್ ಊರ್ಜಿತ. ನಾವು ಗೆದ್ದೆವು! ಸರ್ ಟೋಪಿ ಎಸೆದರು, ಗಾಳಿ ಹೊಡೆಯುವವಳು ಬ್ಯಾಟನ್ನೇ ಎಸೆದಳು. ಯಾರೋ ನನ್ನನ್ನೂ ಎತ್ತಿ ಕುಣಿಸಿದರು. ವಾದ ಮಾಡಿದವಳನ್ನು ಹೆಗಲ ಮೇಲೆ ಹೊತ್ತದ್ದನ್ನು ಯಾವ ಚರ್ಚಾಸ್ಪರ್ಧೆಯಲ್ಲೂ ನಾನು ಕಂಡಿಲ್ಲ.

ಟ್ರೋಫಿ ಸಮೇತ ನೇರವಾಗಿ ಅಕ್ಕನ ಮನೆಗೆ ಹೋದೆವು. ಕೊಂಡಿ ಹಾಕುವುದು ನಿಜಕ್ಕೂ ಬಾಕಿ ಇತ್ತು. ಅಕ್ಕ ಕೈಕಾಲು ತೊಳೆದು ಎಳೆ ಹಿಡಿದು ಕುಳಿತಳು. ಎದುರಿಗೆ ಅತ್ತೆ. ಮುಂದಿನ ವರ್ಷದ ಮಾತನ್ನು ಅಕ್ಕ ಎತ್ತಲಿಲ್ಲ, ಅತ್ತೆಯೂ ಎತ್ತಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಅತ್ತಿ, ಖರೆ ಹೇಳ್ರಿ. ನಿಮಗ ಆ ಆಟ ತಿಳಿತೈತಿ, ಹೌದಿಲ್ಲೋ?"

"ನೀ ಅಂಪೈರ್ ಏನು?" ಎಂದರು ತಲೆಯೆತ್ತದೆ. ರೇಷ್ಮೆ ಎಳೆಯನ್ನು ಹತ್ತಿಯ ಎಳೆಯ ಕುಣಿಕೆಯೊಳಗೆ ದಾಟಿಸಿದರು, ಜಗ್ಗಿ ನೋಡಿದರು. ಆಮೇಲೆ ಸೊಸೆಗೆ ಹೇಳಿದರು: "ಮುಂದಿನ ವರ್ಷ ಮೂರನೇ ಬೇಸಿನ್ಯಾಗ ಅಷ್ಟೊತ್ತು ನಿಂದ್ರಬ್ಯಾಡ. ಹುನಗುಂದದಾಕಿ ಕೈ ಎತ್ತಿದ ಕೂಡ್ಲೆ ನೆಲಾ ನೋಡ್ತಾಳ. ಆವಾಗ ಓಡಬೇಕು."

ಅಕ್ಕನ ಕೈಯಿಂದ ಎಳೆಗಳೆಲ್ಲ ಜಾರಿದವು.

"ಹಿಡಕೊ ಯವ್ವಾ, ಎಳಿ ಹಿಡಕೊ!" ಎಂದು ಅತ್ತೆ ಗದರಿದರು.