ವಹಾಬ್ ಸಾಬರ ಮೂರೂವರೆ ಸುತ್ತು

ಕಾರಿನ ಕುಲುಕು ತಡೆಯುವ ಕಮಾನು ಪಟ್ಟಿ ಬಡಿಯುವುದರಲ್ಲಿ ಹುಣಸೂರಿನ ವಹಾಬ್ ಸಾಬರದು ಎತ್ತಿದ ಕೈ. ಕಾಫಿ ತೋಟದ ಬೋಪಯ್ಯನವರು ದಿನವೂ ಕೋಟೆ ರಸ್ತೆಯಲ್ಲಿ ಓಡಿಸುವ ಕಾರನ್ನೇ ವರ್ಷಕ್ಕೊಮ್ಮೆ ಮದ್ರಾಸಿನ ರೇಸಿಗೂ ಒಯ್ಯುತ್ತಿದ್ದರು. ಆಗ ಎರಡು ಪಟ್ಟಿ ಸೇರಿಸಿ ಗಟ್ಟಿ ಮಾಡುವುದು, ಬಂದ ಮೇಲೆ ತೆಗೆದು ಮೆತ್ತಗೆ ಮಾಡುವುದು ಸಾಬರ ಕೆಲಸ.

ಎಪ್ಪತ್ತೆರಡರಲ್ಲಿ ಬೋಪಯ್ಯನವರು, ಸ್ಕ್ರೂ ತಿರುಗಿಸಿದರೆ ಗಟ್ಟಿಯೋ ಮೆತ್ತಗೋ ಆಗುವ ಹೊಸ ಶಾಕ್ ಅಬ್ಸಾರ್ಬರ್ ತರಿಸಿ, ಎದುರು ಅಂಗಡಿಯ ಶಕೀಲನ ಕೈಲಿ ಹಾಕಿಸಿದರು. ಸಾಬರ ಬಳಿಯೇ ಕೆಲಸ ಕಲಿತ ಶಕೀಲ! ಸಾಬರ ಹೊಟ್ಟೆಗೆ ಬೆಂಕಿ ಬಿತ್ತು.

"ಆಟದ ಸಾಮಾನು ಕಣ್ರೀ ಅದು. ನಾನು ಮುಟ್ಟೋದೂ ಇಲ್ಲ" ಎಂದರು ಬೋಪಯ್ಯನವರಿಗೆ.

ಶುಕ್ರವಾರ ಶಕೀಲ ಎಂದಿನಂತೆ ಅಂಗಡಿ ತೆರೆದಿಟ್ಟೇ ನಮಾಜಿಗೆ ಹೋದ. ಬೋಪಯ್ಯನವರ ಕಾರು ಇನ್ನೂ ಅಲ್ಲೇ ನಿಂತಿತ್ತು. ಒಂದು ಜುಮ್ಮಾವನ್ನೂ ತಪ್ಪಿಸದ ಸಾಬರು ಅಂದು ಮಸೀದಿಗೆ ಹೋಗದೆ, ಸ್ಕ್ರೂಡ್ರೈವರ್ ಹಿಡಿದು ರಸ್ತೆ ದಾಟಿದರು.

ಸೋಮವಾರ ಬೋಪಯ್ಯನವರು ಸೊಂಟ ಹಿಡಿದುಕೊಂಡು ಕಾರಿನಿಂದ ಇಳಿದರು.

"ಶಕೀಲ ಏನೋ ಕೆಡಿಸವ್ನೆ. ನೀವೇ ನೋಡಿ ಸಾಬ್ರೇ."

ಸಾಬರು ಹಿಗ್ಗಿ ಕಾರಿನಡಿ ನುಸುಳಿದರು. ನಾಲ್ಕೂ ಕಡೆ ಮೂರೂವರೆ ಸುತ್ತು ಹಿಂದಕ್ಕೆ ತಿರುಗಿಸಿ, ಕೈ ಒರೆಸಿಕೊಳ್ಳುತ್ತ ಎದ್ದರು.

"ನಾಲ್ಕೂ ಕಡೆ ಮೂರೂವರೆ ಸುತ್ತು ಜಾಸ್ತಿ ಬಿಗಿಯಾಗಿತ್ತು. ಈಗ ಓಡ್ಸಿ, ಹೂವಿನಂಗಿರ್ತದೆ."

ಬೋಪಯ್ಯನವರು ಕದಲಲಿಲ್ಲ.

"ಮುಟ್ಟೋದೇ ಇಲ್ಲ ಅಂತಿದ್ರಿ. ಮೂರೂವರೆ ಸುತ್ತು ಅಂತ ಹೆಂಗೆ ಗೊತ್ತಾಯ್ತು?"

ಎದುರು ಅಂಗಡಿಯಲ್ಲಿ ಶಕೀಲನ ಸುತ್ತಿಗೆ ಸದ್ದು ನಿಂತಿತು.