ಬ್ಯಾಡಗಿಯಲ್ಲಿ ಕೆಂಪು ಬಾರದ ಪ್ರಿಂಟರ್

ಬ್ಯಾಡಗಿಯ ಮನೆಯಲ್ಲಿ ಕೂತು ಮೆಣಸಿನಕಾಯಿಯ ಚಿತ್ರ ಮುದ್ರಿಸಿದರೆ ಅದು ಹಳದಿಯಾಗಿ ಹೊರಬರಬೇಕೇ? ಈಗ ನೆನೆದರೂ ಸಿಟ್ಟು ಬರುತ್ತದೆ. ಯಾರ ಮೇಲೆ ಎಂಬುದನ್ನು ಮಾತ್ರ ಅಂದಿನಷ್ಟು ಖಚಿತವಾಗಿ ಹೇಳಲಾರೆ. ಆ ವಾರದ ದಿನಚರಿಯನ್ನು ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಅದರಲ್ಲೂ ನನಗೆ ಬೇಕಾದ್ದನ್ನಷ್ಟೇ ಬರೆದುಕೊಂಡಿದ್ದೇನೆ ಎಂಬ ಅನುಮಾನವಿದೆ.

ಅಣ್ಣನ ಹೆಂಡತಿ, ನಮ್ಮ ವೈನಿ, ಮನೆಯಲ್ಲೇ ಖಾರದ ಪುಡಿ ಮಾಡಿ ಪೊಟ್ಟಣ ಕಟ್ಟಿ ಮಾರಲು ಶುರು ಮಾಡಿದ್ದರು. ಆ ಭಾನುವಾರ ಹಾವೇರಿಯ ಮಾರಾಟ ಮೇಳದಲ್ಲಿ ಅವರಿಗೆ ಮೊದಲ ಸಲ ಸ್ವಂತ ಮಳಿಗೆ ಸಿಕ್ಕಿತ್ತು. ಲೇಬಲ್ ಇಲ್ಲದ ಪೊಟ್ಟಣ ಇಡುವಂತಿಲ್ಲ ಎಂಬುದು ಮೇಳದವರ ಷರತ್ತು. ಪ್ರೆಸ್ಸಿನವರು ಮುಂದಿನ ವಾರ ಎಂದಿದ್ದರು. ಹಾಗಾಗಿ ಹಾವೇರಿಯ ನನ್ನ ಬಾಡಿಗೆ ಕೋಣೆಯಲ್ಲಿದ್ದ ಪ್ರಿಂಟರನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಬುಧವಾರ ಬಸ್ಸಿನಲ್ಲಿ ತಂದೆ. ಬಣ್ಣವನ್ನು ಬಾಟಲಿಯಿಂದ ಟ್ಯಾಂಕಿಗೆ ಸುರಿಯುವ ನಮೂನೆ ಅದು.

ಮೊದಲ ಹಾಳೆಯಲ್ಲಿ ಮೆಣಸಿನಕಾಯಿ ಮಾಸಲು ಕೇಸರಿಯಾಗಿ ಬಂತು. ಮೂರನೆಯದರಲ್ಲಿ ಪೂರಾ ಹಳದಿ.

"ಇದು ಖಾರದ ಪುಡಿನೋ, ಅರಿಷಿಣ ಪುಡಿನೋ?" ಎಂದರು ವೈನಿ. ನಗಲಿಲ್ಲ.

ಶುಕ್ರವಾರ ಅದನ್ನು ಬೇರೊಂದು ಚೀಲದಲ್ಲಿ ಹೊತ್ತು ರಾಣೆಬೆನ್ನೂರಿನ ರಿಪೇರಿ ಅಂಗಡಿಗೆ ಹೋದೆ. ಅಲ್ಲಿಯವನು ಮುಚ್ಚಳವನ್ನೂ ಎತ್ತಲಿಲ್ಲ.

"ಯಾವೂರ್ರಿ?"

"ಬ್ಯಾಡಗಿ."

"ಮತ್ತೇನ್ರಿ! ನಿಮ್ಮೂರಿನ ಮಿಷನ್ ಎಲ್ಲಾ ಹಿಂಗ. ಖಾರದ ಧೂಳ ಹೊಕ್ಕೈತಿ. ಹೆಡ್ ಹೋತು, ಹೊಸಾದ ತಗೋರಿ."

ನನಗೆ ಮೈಯೆಲ್ಲ ಉರಿಯಿತು. ಮೆಣಸಿನಕಾಯಿಯ ಸುಗ್ಗಿಯಲ್ಲಿ ಮಾರುಕಟ್ಟೆಯ ಕಡೆಯಿಂದ ಗಾಳಿ ಬೀಸಿದರೆ ಇಡೀ ಊರು ಸೀನುತ್ತದೆ, ನಿಜ. ಆದರೆ ಅದು ಎರಡು ದಿನದ ಹಿಂದಿನವರೆಗೆ ಹಾವೇರಿಯಲ್ಲಿದ್ದ ಪ್ರಿಂಟರ್! "ಒಳಗ ನೋಡ್ದನ ಹೆಂಗ ಹೇಳ್ತೀರಿ?" ಎಂದೆ. "ಡಾಕ್ಟರಿಗೆ ಮುಖಾ ನೋಡಿದ್ರ ತಿಳೀತೈತ್ರಿ" ಎಂದು ಅವನು ಮುಂದಿನ ಗಿರಾಕಿಯತ್ತ ತಿರುಗಿದ. ನಾನು ಇನ್ನೂ ಏನೇನೋ ಅಂದೆ. ದಿನಚರಿಯಲ್ಲಿ ಆ ಮಾತುಗಳು ಬಹಳ ಚೆನ್ನಾಗಿವೆ. ಅಷ್ಟು ಚೆನ್ನಾಗಿ ಅಲ್ಲಿ ಮಾತಾಡಿರಲಿಕ್ಕಿಲ್ಲ.

ಮನೆಗೆ ಬಂದವನೇ ಸಿಟ್ಟಿನಲ್ಲಿ, ಹಾಳೆಗೆ ಬಣ್ಣ ಚಿಮ್ಮುವ ಆ ಹೆಡ್ಡನ್ನು ತೊಳೆಯುವ ಗುಂಡಿಯನ್ನು ಒತ್ತತೊಡಗಿದೆ. ಒಮ್ಮೆ ಒತ್ತಿದರೆ ಪ್ರಿಂಟರ್ ತನ್ನಷ್ಟಕ್ಕೆ ಗೊರಗೊರ ಎನ್ನುತ್ತ ಬಣ್ಣ ಹೀರಿ ಬಾಯಿ ತೊಳೆದುಕೊಳ್ಳುತ್ತದೆ. ಏಳು ಸಲ ತೊಳೆದೆ. ಕೆಂಪು ಬರಲಿಲ್ಲ, ಟ್ಯಾಂಕಿನಲ್ಲಿದ್ದ ಕೆಂಪು ಮಾತ್ರ ಅರ್ಧಕ್ಕಿಳಿಯಿತು. ಮುಚ್ಚಳ ಎತ್ತಿ ನೋಡಿದರೆ, ಟ್ಯಾಂಕಿನಿಂದ ಹೆಡ್ಡಿಗೆ ಹೋಗುವ ಸಣ್ಣ ನಳಿಗೆಯಲ್ಲಿ ಕೆಂಪು ತುಂಡು ತುಂಡಾಗಿ ನಿಂತಿತ್ತು. ನಡುನಡುವೆ ಬರೀ ಗಾಳಿ. ಇದನ್ನು ಅಂಗಡಿಯವನು ನೋಡಬೇಕಿತ್ತು!

ಆಗ ವೈನಿ ಮಾಳಿಗೆಯಿಂದ ಒಣಗಿದ ಬಟ್ಟೆಗಳ ಜೊತೆ ಆ ಚೀಲವನ್ನೂ ತಂದರು. ಪ್ರಿಂಟರ್ ತಂದ ದಿನವೇ ಅದರ ಮೇಲೆ ಅಂಗೈಯಗಲದ ಕೆಂಪು ಕಲೆಯಿತ್ತು. ನಾನದನ್ನು ನೋಡಿಯೂ ನೋಡಿರಲಿಲ್ಲ. ನಮ್ಮೂರಿನಲ್ಲಿ ಕೆಂಪು ಕಲೆಯಿಲ್ಲದ ಚೀಲ ಯಾರ ಮನೆಯಲ್ಲಿದೆ?

"ಇದು ಖಾರದ ಕಲೆ ಅಲ್ಲಪಾ," ಎಂದರು. "ಖಾರದ್ದಾದ್ರ ಬಿಸಿಲಿಗೆ ಹಾಕಿದ್ರ ಬಿಳಿಚತೈತಿ. ಇದು ಎರಡು ದಿನಾ ಬಿಸಿಲುಂಡ್ರೂ ಹಂಗ ಕುಂತೈತಿ. ಖರೇ ಹೇಳು, ಬಸ್ನ್ಯಾಗ ಹೆಂಗ ತಂದಿ?"

"ಹುಷಾರಾಗೇ ತಂದೀನ್ರಿ. ತೊಡಿ ನಡುವ ಇಟ್ಕೊಂಡು."

"ಮಲಗ್ಸಿದ್ದೋ, ನಿಂದ್ರಿಸಿದ್ದೋ?"

"ನಿಂದ್ರಿಸಿ," ಎಂದೆ. ಮೆಣಸಿನಕಾಯಿ ಚೀಲವನ್ನು ಬಸ್ಸಿನಲ್ಲಿ ಮಲಗಿಸಿದರೆ ಯಾರಾದರೂ ಅದರ ಮೇಲೆ ಕುಳಿತುಬಿಡುತ್ತಾರೆ, ಕಾಯಿ ಮುರಿಯುತ್ತದೆ. ಅದಕ್ಕೇ ನಮ್ಮ ಕಡೆ ಚೀಲವನ್ನು ನಿಲ್ಲಿಸಿಯೇ ಒಯ್ಯುವುದು. ಚಿಕ್ಕಂದಿನಿಂದ ಕೈಗೆ ರೂಢಿಯಾದ ಅದೇ ಜತನದಿಂದ ಪ್ರಿಂಟರನ್ನೂ ಒಂದು ಮಗ್ಗುಲ ಮೇಲೆ ಲಂಬವಾಗಿ ನಿಲ್ಲಿಸಿಕೊಂಡು ಬಂದಿದ್ದೆ. ಟ್ಯಾಂಕು ಅಡ್ಡಬಿದ್ದು ಅದರ ಕೆಂಪು ಚೀಲಕ್ಕೆ ಸೋರಿತ್ತು, ನಳಿಗೆಗೆ ಗಾಳಿ ಹೊಕ್ಕಿತ್ತು. ರಾಣೆಬೆನ್ನೂರಿಗೂ ಹಾಗೆಯೇ ಒಯ್ದಿದ್ದೆ. ದಿನಚರಿಯಲ್ಲಿ ಇರುವುದು "ಬಹಳ ಜೋಪಾನವಾಗಿ ತಂದೆ" ಎಂಬ ಒಂದೇ ಸಾಲು. ಸುಳ್ಳಲ್ಲ ಅದು. ಅದೇ ನನ್ನನ್ನು ಈಗಲೂ ಕಾಡುತ್ತದೆ.

ಪ್ರಿಂಟರಿನ ಜೊತೆ ಬಂದ ಪುಸ್ತಕವನ್ನು ಆಗ ತೆಗೆದು ಓದಿದೆ. ಮೂರು ಸಲ ತೊಳೆದರೂ ಬಣ್ಣ ಬಾರದಿದ್ದರೆ ನಿಲ್ಲಿಸಿ. ಆಫ್ ಮಾಡಿ ಹನ್ನೆರಡು ತಾಸು ಮುಟ್ಟಬೇಡಿ, ಎಂದಿತ್ತು. ಗಾಳಿ ತಾನಾಗಿ ಮೇಲೇರಬೇಕಂತೆ.

"ಇನ್ನೊಮ್ಮೆ ತೊಳದ್ ನೋಡ್ಲೇನ್ರಿ?" ಎಂದೆ.

"ಕೈ ಹಚ್ಚಿದ್ರ ಮುರೀತೇನಿ. ಕಾಯಿ ಒಣಗೂದ ಕಾಯ್ತೇವಿ, ಇದನ್ನ ಒಂದ್ ರಾತ್ರಿ ಕಾಯಾಕ ಆಗೂದಿಲ್ಲೇನು?"

ಶನಿವಾರ ಬೆಳಗ್ಗೆ ವೈನಿಯೇ ಗುಂಡಿ ಒತ್ತಿದರು. ಒಂದು ಸಲ ತೊಳೆದುಕೊಂಡ ಮೇಲೆ ಪರೀಕ್ಷೆಯ ಹಾಳೆಯಲ್ಲಿ ಕೆಂಪು ಗೆರೆಗಳು ಅಲ್ಲಲ್ಲಿ ಹರಿದು ಬಂದವು. ಎರಡನೆಯ ಹಾಳೆಯಲ್ಲಿ ಅಖಂಡವಾಗಿ. ಆಮೇಲೆ ಮೆಣಸಿನಕಾಯಿ ಬಂತು, ತೊಟ್ಟು ಹಸಿರು, ಮೈ ಕೆಂಪು. ವೈನಿ ಹಾಳೆಯನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

ಆ ಅಂಗಡಿಯವನ ಮೇಲೆ ಎರಡು ಪುಟದ ದೂರು ಟೈಪ್ ಮಾಡಿಟ್ಟಿದ್ದೆ. ಅಕ್ಷರ ಕಪ್ಪಾದರೂ ಬ್ಯಾಡಗಿ ಎಂಬ ಹೆಸರನ್ನು ಕೆಂಪಿನಲ್ಲಿ ಹಾಕಿದ್ದೆ. ಲೇಬಲ್‌ಗಳ ನಡುವೆ ಅದನ್ನೊಂದು ಮುದ್ರಿಸಿಕೊಳ್ಳಲು ಹೋದೆ. ವೈನಿ ಟ್ಯಾಂಕಿನತ್ತ ಬೆರಳು ತೋರಿಸಿದರು. ಕೆಂಪು ಕೆಳಗಿನ ಗೆರೆಗೆ ಬಂದು ನಿಂತಿತ್ತು.

"ಮೊದಲ ಲೇಬಲ್ ಆಗ್ಲಿ. ನಿನ್ ಸಿಟ್ಟು ಕೈಲೆ ಬರಿ."

ಭಾನುವಾರ ಒಂದೂ ಕಡಿಮೆಯಾಗದಂತೆ ಲೇಬಲ್ ಅಂಟಿಸಿದ ಪೊಟ್ಟಣಗಳು ಹಾವೇರಿಗೆ ಹೋದವು. ನಾನು ದೂರನ್ನು ಕೈಯಲ್ಲಿ ಬರೆದೆ. "ಜೋಪಾನವಾಗಿ ತಂದಿದ್ದೆ" ಎಂಬ ಸಾಲನ್ನು ಕೈಬಿಟ್ಟೆ. ಪ್ರಿಂಟರ್ ಕೆಟ್ಟಿದ್ದರಲ್ಲಿ ತಪ್ಪು ನನ್ನದೇ ಎಂದು ಸೇರಿಸಿದೆ. ಹಾಗಿದ್ದರೂ ಆ ಅಂಗಡಿಯವನಿಗೇ ಕಳಿಸಿದೆ. ಮುಚ್ಚಳ ಎತ್ತದೆ ಒಂದು ಊರನ್ನೇ ದೂರಿದವನಿಗೆ ಅಷ್ಟಾದರೂ ತಲುಪಬೇಕು.